ಯಾರ ಶೆಡ್ಡು, ಯಾರ ಬೈಕು

ಮೈಸೂರಿನ ಹೊರವಲಯದಲ್ಲಿ ಏಳುವ ಹೊಸ ಬಡಾವಣೆಗಳಿಗೆ ಒಂದು ಕ್ರಮವಿದೆ. ಮೊದಲು ಗಣಪತಿ ದೇವಸ್ಥಾನ, ಆಮೇಲೆ ಕ್ಷೇಮಾಭಿವೃದ್ಧಿ ಸಂಘ, ಎಲ್ಲಕ್ಕೂ ಕೊನೆಗೆ ಒಳಚರಂಡಿ. ಅಂಥದೊಂದು ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿಯಾಗಿರುವ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಪೊಲೀಸ್ ಕಮಿಷನರಿಗೆ ಕೊಡಬೇಕಾದ ಮನವಿಯೊಂದನ್ನು ಬರೆದು, ಬೆಂಗಳೂರಿನಲ್ಲಿ ವಕೀಲಿಕೆ ಮಾಡುವ ತಂಗಿಯ ಮಗಳ ಕೈಗಿಟ್ಟರು. ಪಿಯು ಕಾಲೇಜಿಗೆ ಹೋಗಿಬರುವ ಹೆಣ್ಣುಮಕ್ಕಳನ್ನು ದಾರಿಯಲ್ಲಿ ಚುಡಾಯಿಸಲಾಗುತ್ತಿದೆ, ಆದ್ದರಿಂದ ಖಾಲಿ ಸೈಟುಗಳಲ್ಲಿ ಶೆಡ್ಡು ಹಾಕಿಕೊಂಡಿರುವ ಹೊರರಾಜ್ಯದ ಕಟ್ಟಡ ಕೂಲಿಗಳನ್ನು ಕೂಡಲೇ ತೆರವುಗೊಳಿಸಬೇಕು ಎಂಬುದು ಅದರ ಸಾರ.

"ಕಾನೂನಿನ ಭಾಷೆ ಸರಿಯಾಗಿದೆಯಾ ನೋಡಿಬಿಡು, ಅಷ್ಟೇ" ಎಂದರು ಮೇಷ್ಟ್ರು.

"ನಿಮ್ಮ ಭಾಷೇಲಿ ತಪ್ಪು ಹುಡುಕೋ ಧೈರ್ಯ ನನಗಿಲ್ಲ ಮಾವ. ಚುಡಾಯಿಸಿದ್ದು ಶೆಡ್ಡಿನವರು ಅಂತ ಹೇಳಿದ್ದು ಯಾರು?"

"ಇನ್ಯಾರು ಇರ್ತಾರೆ ಇಲ್ಲಿ? ಈ ಹಿಂದಿಯವರು ಬಂದಮೇಲೇ ಶುರುವಾಗಿದ್ದು ಇದೆಲ್ಲ."

"ಹುಡುಗೀರನ್ನ ಕೇಳಿದ್ರಾ?"

"ಅವರ ಅಪ್ಪಂದಿರು ಸಭೇಲಿ ಹೇಳಿದ್ರಲ್ಲ. ಬಸ್ ಸ್ಟಾಪಿನ ತನಕ ಬೈಕಲ್ಲಿ ಹಿಂದೆ ಬರ್ತಾರಂತೆ, ಏನೇನೋ ಕೂಗ್ತಾರಂತೆ."

"ಬೈಕಲ್ಲಿ? ಶೆಡ್ಡಿನವರ ಹತ್ರ ಬೈಕ್ ಇದೆಯಾ?"

ಮೇಷ್ಟ್ರು ಒಂದು ಗಳಿಗೆ ತಡೆದರು. ಬೆಳಗಾದರೆ ಮೇಸ್ತ್ರಿಯ ಟೆಂಪೋ ಬಂದು ಆ ಜನರನ್ನು ತುಂಬಿಕೊಂಡು ಹೋಗುವುದನ್ನು ಅವರು ವಾಕಿಂಗಿನಲ್ಲಿ ಕಂಡವರೇ. "ಸಾಲ ಮಾಡಿ ತಗೊಂಡಿರ್ತಾರೆ" ಎಂದರು. ಆದರೆ ಆ ದನಿಯಲ್ಲಿ ಸಭೆಯ ಹುಮ್ಮಸ್ಸು ಇರಲಿಲ್ಲ.

ಮೇಷ್ಟ್ರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಹೆಣ್ಣುಮಕ್ಕಳ ಮೇಲೆ ಬೀದಿಯಲ್ಲಿ ಕೈ ಬಿದ್ದಾಗಲೆಲ್ಲ ನಮ್ಮ ಊರುಗಳು ಕೇಳುವ ಮೊದಲ ಪ್ರಶ್ನೆ "ಎಲ್ಲಿಯವನು?" ಎನ್ನುವುದೇ. ಬೆಂಗಳೂರಿನಲ್ಲಿ ಅದಕ್ಕೆ ಉತ್ತರ ಮೊದಲೇ ಸಿದ್ಧವಿರುತ್ತದೆ: ಉತ್ತರದವನು. ಮುಂಬೈಯಲ್ಲಿ ಬಿಹಾರಿ, ಯೂರೋಪಿನಲ್ಲಿ ನಿರಾಶ್ರಿತ, ಅಮೆರಿಕದಲ್ಲಿ ಕರಿಯ. ಹೀಗೆ ಉತ್ತರ ಮುಂಚೆಯೇ ಗೊತ್ತಿದ್ದರೆ ತನಿಖೆಯ ಕಷ್ಟ ಯಾರಿಗೆ ಬೇಕು?

ವಕೀಲೆ 2017ರ ಹೊಸ ವರ್ಷದ ರಾತ್ರಿಯನ್ನು ನೆನಪಿಸಿದಳು. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಗುಂಪಿನಲ್ಲಿ ಹೆಂಗಸರನ್ನು ಎಳೆದಾಡಿದ ಸುದ್ದಿ ಚಿತ್ರಸಮೇತ ಬಂತು. ಸುಮಾರು 1,500 ಪೊಲೀಸರನ್ನು ಹಾಕಿದ್ದೆವು ಎಂದು ಇಲಾಖೆ ಹೇಳಿಕೊಂಡ ಜಾಗ ಅದು. ಅದೇ ರಾತ್ರಿ ನಸುಕಿಗೆ ಮೊದಲು ಕಮ್ಮನಹಳ್ಳಿಯ ಓಣಿಯೊಂದರಲ್ಲಿ, ಮನೆ ಇನ್ನೇನು ಬಂತು ಅನ್ನುವಷ್ಟರಲ್ಲಿ ಯುವತಿಯೊಬ್ಬಳನ್ನು ಸ್ಕೂಟರಿನಲ್ಲಿ ಬಂದ ಇಬ್ಬರು ಅಡ್ಡಗಟ್ಟಿ ಹಿಡಿದೆಳೆದರು. ಅದು ಸಿಸಿಟಿವಿಯಲ್ಲಿ ದಾಖಲಾಗಿ ಇಡೀ ದೇಶ ನೋಡಿತು.

"ಆಗಲೂ ಎಲ್ಲರೂ ಹೊರಗಿನವರು, ಹೊರಗಿನವರು ಅಂದರು ಮಾವ. ಪೊಲೀಸರು ಹಿಡಿದಾಗ ನೋಡಿದರೆ ಅದೇ ಸುತ್ತಮುತ್ತಲಿನ ಹುಡುಗರು. ಆಕೆ ಯಾವಾಗ ಬರ್ತಾಳೆ, ಯಾವ ದಾರೀಲಿ ಬರ್ತಾಳೆ ಅಂತ ನಾಲ್ಕಾರು ದಿನದಿಂದ ಗಮನಿಸ್ತಿದ್ದರಂತೆ. ಹೊರಗಿನವನಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು?"

"ಒಂದು ಉದಾಹರಣೆ ಇಟ್ಟುಕೊಂಡು ನೀನು ವಾದ ಮಾಡ್ತಿದ್ದೀಯ. ಹೊರಗಿನವನು ಮಾಡಿದ್ದೇ ಇಲ್ವಾ?"

"ಮಾಡಿದ್ದಾನೆ. ಮಾಡಿದಾಗ ಏನಾಗುತ್ತೆ ಅಂತಲೂ ನೋಡಿದ್ದೀವಿ."

ಆಕೆ ಹೇಳಿದ್ದು ಗುಜರಾತಿನ ಮಾತು. 2018ರ ಸೆಪ್ಟೆಂಬರ್ ಕೊನೆಯಲ್ಲಿ ಸಾಬರಕಾಂಠಾ ಜಿಲ್ಲೆಯಲ್ಲಿ ಹದಿನಾಲ್ಕು ತಿಂಗಳ ಕೂಸಿನ ಮೇಲೆ ಅತ್ಯಾಚಾರ ನಡೆಯಿತು. ಆರೋಪದ ಮೇಲೆ ಬಿಹಾರದ ಕಾರ್ಮಿಕನೊಬ್ಬನನ್ನು ಪೊಲೀಸರು ಕೂಡಲೇ ಹಿಡಿದರು. ಕಾನೂನು ತನ್ನ ಕೆಲಸ ಶುರು ಮಾಡಿಯಾಗಿತ್ತು. ಜನಕ್ಕೆ ಅಷ್ಟು ಸಾಲಲಿಲ್ಲ. ಹಲವು ಜಿಲ್ಲೆಗಳಲ್ಲಿ ಹಿಂದಿ ಮಾತಾಡುವ ಕಾರ್ಮಿಕರನ್ನು ಹುಡುಕಿ ಹೊಡೆದರು. ಸಾವಿರಾರು ಜನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸಿಕ್ಕ ಬಸ್ಸು, ರೈಲು ಹತ್ತಿ ಊರು ಬಿಟ್ಟರು. ಹಲ್ಲೆ ಮಾಡಿದವರಲ್ಲಿ 400ಕ್ಕೂ ಹೆಚ್ಚು ಮಂದಿಯನ್ನು ಬಂಧಿಸಬೇಕಾಯಿತು. ಹಾಗೆ ಓಡಿಹೋದವರಲ್ಲಿ ಹೆಣ್ಣು ಕೂಸುಗಳೂ ಇದ್ದವು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

"ಶೆಡ್ಡು ತೆರವು ಮಾಡೋದೂ ಅದೂ ಒಂದೇನಾ?" ಮೇಷ್ಟ್ರಿಗೆ ನೋವಾಗಿತ್ತು. "ನಾವೇನು ದೊಣ್ಣೆ ಹಿಡ್ಕೊಂಡು ಹೊರಟಿದ್ದೀವಾ? ಅರ್ಜಿ ಕೊಡ್ತಿದ್ದೀವಿ."

"ಒಂದೇ ಅಂತ ನಾನು ಹೇಳಲ್ಲ. ಆದರೆ ಎರಡೂ ಕಡೆ, ಮಾಡಿದವನನ್ನ ಹಿಡಿಯೋ ಬದಲು ಅವನ ಥರ ಕಾಣೋರನ್ನ ಹಿಡೀತಿದ್ದಾರೆ."

"ಆದರೂ ರಸ್ತೆಗಿಳಿದರೆ ಕಣ್ಣಿಗೆ ಬೀಳೋರು ಅವರೇ ತಾನೇ? ಟೀ ಅಂಗಡಿ ಮುಂದೆ ನಿಂತು ನೋಡೋರು ಅವರೇ."

ಈ ಮಾತಿನಲ್ಲಿ ಒಂದು ನಿಜವಿದೆ, ಅಷ್ಟೇ ದೊಡ್ಡ ಮೋಸವೂ ಇದೆ. ಅದಕ್ಕೆ ನ್ಯೂಯಾರ್ಕಿನ ಒಂದು ವಿಡಿಯೊ ಒಳ್ಳೆಯ ಸಾಕ್ಷಿ. 2014ರ ಅಕ್ಟೋಬರಿನಲ್ಲಿ ಹಾಲಬ್ಯಾಕ್ ಎಂಬ ಸಂಸ್ಥೆಗಾಗಿ ತಯಾರಾದ ಆ ವಿಡಿಯೊದಲ್ಲಿ ಯುವತಿಯೊಬ್ಬಳು ಕಪ್ಪು ಟೀಶರ್ಟು, ಜೀನ್ಸ್ ತೊಟ್ಟು ಮಾತಿಲ್ಲದೆ ಹತ್ತು ಗಂಟೆ ನಗರದಲ್ಲಿ ನಡೆಯುತ್ತಾಳೆ. ಮುಂದೆ ನಡೆಯುವವನ ಬೆನ್ನಚೀಲದಲ್ಲಿ ಕ್ಯಾಮೆರಾ. ನೂರಕ್ಕೂ ಹೆಚ್ಚು ಗಂಡಸರು ಆಕೆಯನ್ನು ಕೂಗುತ್ತಾರೆ, ಒಬ್ಬನಂತೂ ನಿಮಿಷಗಟ್ಟಲೆ ಪಕ್ಕದಲ್ಲೇ ನಡೆಯುತ್ತಾನೆ. ಎರಡು ನಿಮಿಷಕ್ಕೆ ಇಳಿಸಿದ ಆ ವಿಡಿಯೊವನ್ನು ಕೋಟಿಗಟ್ಟಲೆ ಜನ ನೋಡಿದರು. ಆಮೇಲೆ ಕೆಲವರಿಗೆ ಒಂದು ಸಂಶಯ ಬಂತು. ಕೂಗಿದವರೆಲ್ಲ ಹೆಚ್ಚುಕಡಿಮೆ ಕರಿಯರು, ಲ್ಯಾಟಿನೋಗಳು. ಬಿಳಿಯರು ಎಲ್ಲಿ ಹೋದರು? ಚಿತ್ರದ ಗಣನೀಯ ಭಾಗ ಹಾರ್ಲೆಮಿನ 125ನೇ ಬೀದಿಯಲ್ಲೇ ತೆಗೆದದ್ದು ಎಂದು ಅಂಗಡಿ ಬೋರ್ಡುಗಳನ್ನು ನೋಡಿ ಪತ್ತೆ ಹಚ್ಚಿದರು. ಬಿಳಿಯರೂ ಕೂಗಿದ್ದರು, ಆದರೆ ಸೈರನ್ ಸದ್ದು ಅಡ್ಡ ಬಂದದ್ದರಿಂದಲೋ ಕ್ಯಾಮೆರಾದಾಚೆಯಿಂದ ಕೂಗಿದ್ದರಿಂದಲೋ ಆ ತುಣುಕುಗಳು ಕೆಲಸಕ್ಕೆ ಬರಲಿಲ್ಲ ಎಂದು ತಯಾರಿಸಿದಾತ ವಿವರಣೆ ಕೊಟ್ಟ.

ಆ ಯುವತಿಗೆ ಆದದ್ದು ಸುಳ್ಳೇನಲ್ಲ. ಪ್ರತಿಯೊಂದು ಕೂಗೂ ನಿಜ. ಆದರೂ ಕ್ಯಾಮೆರಾ ಯಾವ ಬೀದಿಗೆ ಹೋಯಿತೋ ಆ ಬೀದಿಯವರೇ ಅಪರಾಧಿಗಳ ಪಟ್ಟಿಯಾದರು.

"ನಮ್ಮಲ್ಲೂ ಹಾಗೇ ಮಾವ" ಎಂದಳು ಆಕೆ. "ಕೂಲಿಯವನಿಗೆ ಮನೆ ಅಂದರೆ ತಗಡಿನ ಶೆಡ್ಡು. ಕೂರೋದು, ಮಾತಾಡೋದು, ಬೀಡಿ ಸೇದೋದು ಎಲ್ಲಾ ರಸ್ತೇಲೇ. ಅವನು ಸುಮ್ಮನೆ ನಿಂತರೂ ನಿಮಗೆ ಕಾಣ್ತಾನೆ. ಕಾರಲ್ಲಿ ಬಂದು ಕಿಟಕಿ ಇಳಿಸಿ 'ಡ್ರಾಪ್ ಕೊಡ್ಲಾ' ಅಂತ ಕೇಳಿ ಹೋಗೋನು ಎಲ್ಲಿ ಕಾಣ್ತಾನೆ? ಅರ್ಧ ನಿಮಿಷದಲ್ಲಿ ರಿಂಗ್ ರೋಡಿನಲ್ಲಿರ್ತಾನೆ."

"ವಿದ್ಯಾವಂತರು ಹಾಗೆಲ್ಲ..." ಎಂದು ಮೇಷ್ಟ್ರು ಶುರು ಮಾಡಿದರು.

ಮೂವತ್ತೈದು ವರ್ಷ ಪಾಠ ಹೇಳಿದವರಿಗೆ ವಿದ್ಯೆಯ ಮೇಲೆ ಇಷ್ಟು ನಂಬಿಕೆ ಇರುವುದು ಸಹಜ. ಆದರೆ ಅಂಕಿಅಂಶ ಅವರ ಕಡೆಗಿಲ್ಲ. ಈಜಿಪ್ಟ್, ಲೆಬನಾನ್, ಮೊರಾಕ್ಕೊ, ಪ್ಯಾಲೆಸ್ಟೀನ್‌ಗಳಲ್ಲಿ ಸುಮಾರು ಹತ್ತು ಸಾವಿರ ಗಂಡಸರು ಹೆಂಗಸರನ್ನು ಮಾತಾಡಿಸಿ ಪ್ರೊಮುಂಡೊ ಎಂಬ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಮಹಿಳಾ ವಿಭಾಗ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ಈಜಿಪ್ಟಿನಲ್ಲಿ ಶೇ 64ರಷ್ಟು ಗಂಡಸರು ತಾವು ಬೀದಿಯಲ್ಲಿ ಹೆಣ್ಣುಮಕ್ಕಳನ್ನು ಪೀಡಿಸಿದ್ದುಂಟು ಎಂದು ತಾವಾಗಿ ಒಪ್ಪಿಕೊಂಡರು. ಅಧ್ಯಯನ ಮಾಡಿದವರನ್ನೇ ಬೆಚ್ಚಿಸಿದ ಸಂಗತಿ ಇನ್ನೊಂದು. ಓದಿಲ್ಲದ ಹಿರಿಯರಿಗಿಂತ ಪ್ರೌಢಶಿಕ್ಷಣ ಮುಗಿಸಿದ ಕಿರಿಯರೇ ಇದರಲ್ಲಿ ಮುಂದಿದ್ದರು. ಓದಿದ್ದಕ್ಕೆ ತಕ್ಕ ಕೆಲಸವಿಲ್ಲದ ಹತಾಶೆ ಒಂದು ಕಾರಣವಿರಬಹುದು ಎಂದು ಅವರು ಊಹಿಸಿದರು. ಕಾರಣ ಏನೇ ಇರಲಿ, "ಅವಿದ್ಯಾವಂತ ಪೋಲಿ" ಎಂಬ ನಮ್ಮ ಚಿತ್ರಕ್ಕೆ ಅಲ್ಲಿ ಆಧಾರ ಸಿಗಲಿಲ್ಲ.

ಆಕೆ ಅಷ್ಟಕ್ಕೇ ನಿಲ್ಲಿಸದೆ ತಾನು ಓದಿದ ತೀರ್ಪುಗಳಿಗೆ ಬಂದಳು. ಹೆಣ್ಣುಮಕ್ಕಳನ್ನು ಚುಡಾಯಿಸುವುದರ ಬಗ್ಗೆ ಸುಪ್ರೀಂ ಕೋರ್ಟು 2012ರ ನವೆಂಬರ್ 30ರಂದು ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿತು. ಬಸ್ ನಿಲ್ದಾಣ, ರೈಲು ನಿಲ್ದಾಣ, ಚಿತ್ರಮಂದಿರ, ದೇವಸ್ಥಾನಗಳ ಹತ್ತಿರ ಮಫ್ತಿಯಲ್ಲಿ ಮಹಿಳಾ ಪೊಲೀಸರನ್ನು ಹಾಕಬೇಕು, ಬಸ್ಸಿನಲ್ಲಿ ದೂರು ಬಂದರೆ ಚಾಲಕ ನಿರ್ವಾಹಕರು ಬಸ್ಸನ್ನು ಠಾಣೆಗೆ ಒಯ್ಯಬೇಕು, ಹೀಗೆ. ಆ ಮೊಕದ್ದಮೆ ಹುಟ್ಟಿದ್ದು ತಮಿಳುನಾಡಿನ ತೆಂಕಾಸಿ ಬಸ್ ನಿಲ್ದಾಣದಲ್ಲಿ. 1999ರ ಜುಲೈಯಲ್ಲಿ ಗಂಡನ ಜೊತೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರ ಜೊತೆ ಕುಡಿದು ಅಸಭ್ಯವಾಗಿ ನಡೆದುಕೊಂಡ ಆರೋಪದ ಮೇಲೆ ಕೆಲಸ ಕಳೆದುಕೊಂಡವನ ಕೇಸು ಅದು.

"ಯಾರವನು? ಕೂಲಿಯವನಾ?"

"ಪೊಲೀಸಿನವನು. ಕುತ್ತಾಲಂ ಜಲಪಾತದ ಸೀಸನ್ನಿನ ಬಂದೋಬಸ್ತಿಗೆ ಅಂತ ಬಂದಿದ್ದವನು."

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಅವಳು ಬಿಡಲಿಲ್ಲ. 1988ರಲ್ಲಿ ಚಂಡೀಗಢದ ಔತಣಕೂಟವೊಂದರಲ್ಲಿ ಐಎಎಸ್ ಅಧಿಕಾರಿ ರೂಪನ್ ದೇವಲ್ ಬಜಾಜ್ ಅವರ ಮೇಲೆ ಕೈ ಹಾಕಿದವರು ಪಂಜಾಬಿನ ಪೊಲೀಸ್ ಮಹಾನಿರ್ದೇಶಕ ಕೆ.ಪಿ.ಎಸ್. ಗಿಲ್. ಇಡೀ ದೇಶ ಅವರನ್ನು ವೀರನೆಂದು ಕೊಂಡಾಡುತ್ತಿದ್ದ ಕಾಲ. 1996ರಲ್ಲಿ ಶಿಕ್ಷೆಯಾಗಿ, 2005ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯುವ ಹೊತ್ತಿಗೆ ಹದಿನೇಳು ವರ್ಷ ಕಳೆದಿತ್ತು. ಅದು ಬೀದಿಯಲ್ಲಿ ನಡೆದದ್ದಲ್ಲ, ನಿಜ. ಆದರೆ ಗಿಲ್ಲರನ್ನು ನೋಡಿ "ಪಂಜಾಬಿಗಳೆಲ್ಲ ಹೀಗೆ" ಎಂದೋ "ಐಪಿಎಸ್ ಅಧಿಕಾರಿಗಳೆಲ್ಲ ಹೀಗೆ" ಎಂದೋ ಯಾರೂ ಅನ್ನಲಿಲ್ಲ. ಮೇಲಿನವನು ಮಾಡಿದರೆ ಅದು ಅವನೊಬ್ಬನ ತಪ್ಪು, ಕೆಳಗಿನವನು ಮಾಡಿದರೆ ಅವನ ಕುಲದ ಗುಣ. ಹೋದೋರೆಲ್ಲ ಒಳ್ಳೆಯವರು ಅಂತ ನಮ್ಮಲ್ಲಿ ಮಾತಿದೆ. ಇರೋರಲ್ಲಿ ಕಾರಿರುವವರೂ ಒಳ್ಳೆಯವರು ಅಂತ ಅದಕ್ಕೆ ಸೇರಿಸಬಹುದು.

ಕಾಫಿ ಬಂತು. ಮೇಷ್ಟ್ರು ಲೋಟ ಕೆಳಗಿಟ್ಟು ಅಷ್ಟು ಹೊತ್ತು ಕಾದಿಟ್ಟುಕೊಂಡಿದ್ದ ಪಟ್ಟು ಹಾಕಿದರು.

"ಸರಿ, ಈಗ ನಾನು ಕೇಳ್ತೀನಿ. ರಾತ್ರಿ ಹತ್ತೂವರೆಗೆ ನೀನು ಮೆಟ್ರೋ ಇಳಿದು ನಡ್ಕೊಂಡು ಹೋಗ್ತಿರ್ತೀಯ. ಹಿಂದೆ ಒಬ್ಬ ಗಂಡಸು ಬರ್ತಿದ್ದಾನೆ. ನೀನು ಏನು ಮಾಡ್ತೀಯ?"

"ರಸ್ತೆ ದಾಟ್ತೀನಿ."

"ಅವನು ಏನಾದರೂ ಮಾಡಿದ್ನಾ?"

"ಇಲ್ಲ."

"ಹಾಗಾದರೆ ನೀನೂ ಗುಂಪು ನೋಡಿ ತೀರ್ಮಾನ ಮಾಡಿದ ಹಾಗಾಯ್ತಲ್ಲಮ್ಮ. ನನ್ನದು ಹಿಂದಿಯವರ ಗುಂಪು. ನಿನ್ನದು ಇನ್ನೂ ದೊಡ್ಡದು. ಇಡೀ ಗಂಡು ಜಾತಿ."

ಒಳ್ಳೆಯ ಪ್ರಶ್ನೆ. "ಎಲ್ಲ ಗಂಡಸರೂ ಹಾಗಲ್ಲ" ಎಂದು ರೇಗುವವರ ಮಾತಿಗಿಂತ ಇದರಲ್ಲಿ ಹೆಚ್ಚು ಸತ್ವವಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ್ದು ಇಷ್ಟು. ತಾನು ರಸ್ತೆ ದಾಟುವುದು ಆತ ಕೆಟ್ಟವನೆಂದು ತೀರ್ಮಾನಿಸಿ ಅಲ್ಲ, ಆತ ಯಾರೆಂದು ತನಗೆ ತಿಳಿಯದ್ದರಿಂದ. ಬೆಳಕು ಬಂದರೆ, ಆತ ಬೇರೆ ದಾರಿಗೆ ತಿರುಗಿದರೆ ಆ ಎಚ್ಚರ ಅಲ್ಲಿಗೆ ಮುಗಿಯಿತು. ಅದರ ಬೆಲೆ ತೆರುವವಳೂ ತಾನೇ. ಸುತ್ತು ದಾರಿ, ಬೇಡದ ಆಟೋ ಬಾಡಿಗೆ, ಕೈಯಲ್ಲಿ ಮೊಬೈಲು. ಶೆಡ್ಡು ಕಿತ್ತು ಹಾಕಿದರೆ ಮಾತ್ರ ಬೆಲೆ ತೆರುವವನು ಇನ್ನೊಬ್ಬ, ಆ ತೀರ್ಪು ಬೆಳಗಾದರೂ ಅಳಿಸುವುದಿಲ್ಲ.

"ಬೆಲೆ ಅವನೂ ತೆರ್ತಾನೆ ಕಣೇ" ಎಂದರು ಮೇಷ್ಟ್ರು. ಅಮೆರಿಕದ ಕರಿಯ ಪತ್ರಕರ್ತ ಬ್ರೆಂಟ್ ಸ್ಟೇಪಲ್ಸ್ 1986ರಲ್ಲಿ 'ಮಿಸ್' ಎಂಬ ಸ್ತ್ರೀವಾದಿ ಪತ್ರಿಕೆಯಲ್ಲಿ ಬರೆದ ಪ್ರಬಂಧ ಅವರಿಗೆ ಚೆನ್ನಾಗಿ ನೆನಪಿತ್ತು. ಷಿಕಾಗೋದಲ್ಲಿ ಓದುತ್ತಿದ್ದಾಗ ರಾತ್ರಿ ತಾನು ನಡೆದು ಬಂದರೆ ಮುಂದೆ ಹೋಗುವ ಹೆಂಗಸರು ಹೆದರಿ ಓಡುವುದನ್ನು ಕಂಡವನು ಆತ. ಆ ಹೆಂಗಸರ ಭಯ ಹುಸಿಯೆಂದು ಆತ ಎಲ್ಲೂ ಹೇಳಲಿಲ್ಲ. ಬೀದಿಯಲ್ಲಿ ಹೆಂಗಸರು ಅಪಾಯಕ್ಕೆ ಸಿಕ್ಕುವುದು ದಿಟ ಎಂದು ಒಪ್ಪಿಕೊಂಡೇ, ತನ್ನ ಮೈಬಣ್ಣ ಆ ಅಪಾಯದ ಗುರುತಾಗಿಬಿಟ್ಟ ಸಂಕಟವನ್ನು ಬರೆದ. ಕೊನೆಗೆ ಕಂಡುಕೊಂಡ ಉಪಾಯ ವಿವಾಲ್ಡಿಯ ಸಂಗೀತವನ್ನು ಸಿಳ್ಳೆ ಹಾಕುತ್ತ ನಡೆಯುವುದು. ದೋಚುವವನು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಗುನುಗುತ್ತ ಬರುವುದಿಲ್ಲವಷ್ಟೆ.

"ಸರಿ, ಅದನ್ನ ಒಪ್ಪಿದೆ. ನನ್ನ ಎಚ್ಚರಕ್ಕೂ ಅವನು ಬೆಲೆ ತೆರ್ತಾನೆ. ಅದಕ್ಕೇ ನಾನು ನೋಡೋದು ನಡೆಯನ್ನ. ಹತ್ತಿರ ಬಂದ್ನಾ, ನಾನು ನಿಂತರೆ ನಿಂತ್ನಾ, ತಿರುಗಿದರೆ ತಿರುಗಿದ್ನಾ. ಬಟ್ಟೆ, ಬಣ್ಣ, ಭಾಷೆ ನೋಡಿ ಎಚ್ಚರ ಆಗೋಳು ತಪ್ಪಾದವನ ಕೈಗೆ ಸಿಕ್ಕಿಬೀಳ್ತಾಳೆ ಮಾವ. ಬೆಂಗಳೂರು ಮೆಟ್ರೋದಲ್ಲಿ ಹೆಣ್ಣುಮಕ್ಕಳ ಫೋಟೊ, ವಿಡಿಯೊ ಕದ್ದು ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕ್ತಿದ್ದ ಅಂತ 2025ರಲ್ಲಿ ಒಬ್ಬನನ್ನ ಹಿಡಿದರಲ್ಲ, ಖಾಸಗಿ ಕಂಪನಿಯ ಲೆಕ್ಕಪತ್ರ ನೋಡ್ಕೊಳ್ಳೋ ಹುಡುಗ. ನಮ್ಮ ಕರ್ನಾಟಕದವನೇ. ಪಕ್ಕದಲ್ಲಿ ಬಂದು ಕೂತಿದ್ದರೆ ನಾನು ಬ್ಯಾಗ್ ಕೂಡ ಸರಿಸ್ತಿರಲಿಲ್ಲ."

ಮಾತು ಜರ್ಮನಿಗೆ ಹೊರಳಿದ್ದು ಮೇಷ್ಟ್ರ ಮಗನ ನೆಪದಲ್ಲಿ. ಆತ ಅಲ್ಲಿ ಎಂಎಸ್ ಓದುತ್ತಿದ್ದಾನೆ, ಮನೆ ಹುಡುಕುವ ಕಷ್ಟವನ್ನು ವಾರಕ್ಕೊಮ್ಮೆ ಫೋನಿನಲ್ಲಿ ಹೇಳುತ್ತಾನೆ. ಅದನ್ನು ಕೇಳಿ ಆಕೆ ಹಳೆಯ ಸುದ್ದಿಯೊಂದನ್ನು ತೆಗೆದಳು. 2015ರ ಮಾರ್ಚಿನಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯೊಬ್ಬರು ಇಂಟರ್ನ್‌ಷಿಪ್ ಕೇಳಿದ ಭಾರತೀಯ ವಿದ್ಯಾರ್ಥಿಗೆ ಇಲ್ಲವೆಂದು ಉತ್ತರಿಸಿದರು. ಭಾರತದ ಅತ್ಯಾಚಾರ ಸಮಸ್ಯೆ ಅವರು ಮುಂದಿಟ್ಟ ಕಾರಣ. ತಮ್ಮ ಗುಂಪಿನಲ್ಲಿ ಹೆಣ್ಣುಮಕ್ಕಳು ಇದ್ದಾರಲ್ಲ! ಆಗಿನ ಜರ್ಮನ್ ರಾಯಭಾರಿ ಮೈಕೆಲ್ ಸ್ಟೈನರ್ ಬಹಿರಂಗ ಪತ್ರ ಬರೆದು ಆಕೆಯನ್ನು ತರಾಟೆಗೆ ತೆಗೆದುಕೊಂಡರು, ಆಕೆ ಕ್ಷಮೆ ಕೇಳಿದರು.

"ಇದು ಅನ್ಯಾಯ" ಎಂದು ಮೇಷ್ಟ್ರು ತಟ್ಟನೆ ಹೇಳಿದರು. "ಆ ಹುಡುಗ ಏನು ಮಾಡಿದ್ದ?"

"ಏನೂ ಮಾಡಿರಲಿಲ್ಲ. ಅದೇ ವರ್ಷ ಜನವರೀಲಿ ಆಸ್ಟ್ರೇಲಿಯಾದ ಕೋರ್ಟಿನ ಮುಂದೆ ಇನ್ನೊಬ್ಬ ಭಾರತೀಯ ಇದ್ದ, ಅವನು ಮಾಡಿದ್ದ. ಅವನಿಗೆ ಏನಾಯ್ತು ಗೊತ್ತಾ?"

ಟಾಸ್ಮೇನಿಯಾದ ಹೋಬಾರ್ಟ್ ನಗರದಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದ ಮೂವತ್ತೆರಡರ ಆ ಮನುಷ್ಯ ಇಬ್ಬರು ಹೆಂಗಸರ ಬೆನ್ನು ಬಿದ್ದಿದ್ದ. ಬೇಡವೆಂದರೂ ಬಿಡದೆ ಮೆಸೇಜು, ಫೋನು, ಹಿಂಬಾಲಿಕೆ. ಆರೋಪವನ್ನು ಒಪ್ಪಿಕೊಂಡ. ಅವನ ವಕೀಲರು ಕೋರ್ಟಿನಲ್ಲಿ ಮಾಡಿದ ವಾದ ಹಿಂದಿ ಸಿನಿಮಾದ ಬಗ್ಗೆ. ಹೆಣ್ಣು ಒಲ್ಲೆ ಅಂದರೂ ಬೆನ್ನು ಹತ್ತಿದರೆ ಒಲಿಯುತ್ತಾಳೆ ಎಂದು ಆ ಸಿನಿಮಾಗಳು ಕಲಿಸುತ್ತವೆ, ಭಾರತದ ಗಂಡಸರಲ್ಲಿ ಇದು ಮಾಮೂಲು ಎಂದರು. ಮ್ಯಾಜಿಸ್ಟ್ರೇಟರು ಆ ಹಿನ್ನೆಲೆಯನ್ನು ಗಮನಕ್ಕೆ ತೆಗೆದುಕೊಂಡು, ಐದು ವರ್ಷ ಸನ್ನಡತೆಯಿಂದಿರಬೇಕೆಂಬ ಷರತ್ತಿನ ಮೇಲೆ ಆತನನ್ನು ಜೈಲಿಗೆ ಕಳಿಸದೆ ಬಿಟ್ಟರು.

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ನಡುವೆ ಎರಡು ತಿಂಗಳೂ ಇಲ್ಲ. "ಭಾರತದ ಗಂಡಸರು ಹೀಗೇ" ಎಂಬ ಒಂದೇ ನಂಬಿಕೆ ಒಂದು ಕಡೆ ಏನೂ ಮಾಡದವನ ಬಾಗಿಲು ಮುಚ್ಚಿತು, ಇನ್ನೊಂದು ಕಡೆ ಮಾಡಿದವನಿಗೆ ಬಾಗಿಲು ತೆರೆಯಿತು. ಗುಂಪಿನ ಮೇಲೆ ಆರೋಪ ಹೊರಿಸಿದಾಗ ಗುಂಪಿನಲ್ಲಿರುವ ನಿರಪರಾಧಿಗೆ ಅನ್ಯಾಯವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅಪರಾಧಿಗೆ ಅದರಿಂದ ಲಾಭವಾಗುವುದನ್ನು ಹೇಳುವವರು ಕಡಿಮೆ. ಹೋಬಾರ್ಟಿನ ಆ ಇಬ್ಬರು ಹೆಂಗಸರಿಗೆ ಆತನ ಊರು, ಸಂಸ್ಕೃತಿ, ಸಿನಿಮಾ ಇವುಗಳಿಂದ ಏನಾಗಬೇಕಿತ್ತು?

ಆದರೆ ಮೇಷ್ಟ್ರು ಅಷ್ಟು ಸುಲಭಕ್ಕೆ ಸೋಲುವವರಲ್ಲ. "ಅದೇ ಜರ್ಮನಿಯ ಕಲೋನ್ ಬಗ್ಗೆ ಏನು ಹೇಳ್ತೀಯ? ಗುಂಪಿನ ಹೆಸರು ಎತ್ತಬಾರದು ಅಂತ ಸುಮ್ಮನಿದ್ದು ಏನಾಯ್ತು ಅಲ್ಲಿ?"

ಇದು ಅವಳ ವಾದದ ಕಷ್ಟದ ಜಾಗ. 2015ರ ಡಿಸೆಂಬರ್ 31ರ ರಾತ್ರಿ ಕಲೋನಿನ ರೈಲು ನಿಲ್ದಾಣ ಮತ್ತು ಅದರ ಪಕ್ಕದ ಮಹಾ ಚರ್ಚಿನ ಸುತ್ತ ಗಂಡಸರ ಗುಂಪುಗಳು ಹೆಂಗಸರನ್ನು ಸುತ್ತುವರಿದು ಮೈಮೇಲೆ ಕೈ ಹಾಕಿದವು, ಪರ್ಸು ಮೊಬೈಲು ಕಿತ್ತವು. ಕೊನೆಗೆ ಬಂದ ದೂರುಗಳು 1,200ರಷ್ಟು, ಅವುಗಳಲ್ಲಿ ಐನೂರಕ್ಕೂ ಹೆಚ್ಚು ಲೈಂಗಿಕ ದೌರ್ಜನ್ಯದವು. ಮರುದಿನ ಬೆಳಿಗ್ಗೆ ಪೊಲೀಸರು ಹೊರಡಿಸಿದ ಪ್ರಕಟಣೆ ಮಾತ್ರ ಆಚರಣೆ ಬಹುಮಟ್ಟಿಗೆ ಶಾಂತವಾಗಿತ್ತು ಎಂದಿತು. ಶಂಕಿತರಲ್ಲಿ ಅಲ್ಜೀರಿಯ, ಮೊರಾಕ್ಕೊ ಮೂಲದವರು ಬಹಳ ಮಂದಿ ಇದ್ದುದು ದಿನಗಳ ಮೇಲೆ ಹೊರಬಂದಾಗ, ಸರ್ಕಾರ, ಪತ್ರಿಕೆ, ಪೊಲೀಸು ಎಲ್ಲರೂ ಸೇರಿ ಮುಚ್ಚಿಟ್ಟರು ಎಂಬ ಸಿಟ್ಟು ದೇಶವನ್ನೇ ಹಿಡಿಯಿತು. ಪೊಲೀಸ್ ಮುಖ್ಯಸ್ಥರು ಹುದ್ದೆ ಕಳೆದುಕೊಂಡರು.

"ಮುಚ್ಚಿಟ್ಟಿದ್ದು ತಪ್ಪು. ಹಿಡಿದವನ ಊರು ಯಾವುದು, ಹೇಗೆ ಬಂದ, ಯಾರ ಜೊತೆ ಬಂದ ಅನ್ನೋದು ತನಿಖೆಗೆ ಬೇಕಾದರೆ ಹೇಳಲೇಬೇಕು" ಎಂದಳು ಆಕೆ. "ನನ್ನ ತಕರಾರು ಅದರ ಮುಂದಿನ ಹೆಜ್ಜೆ ಮೇಲೆ. ಮುಂದಿನ ವ‍ರ್ಷ ಏನಾಯ್ತು ನೋಡಿ."

ಮುಂದಿನ ಹೊಸ ವರ್ಷದ ರಾತ್ರಿ ಕಲೋನ್ ಪೊಲೀಸರು ಉತ್ತರ ಆಫ್ರಿಕದವರಂತೆ ಕಂಡ ನೂರಾರು ಯುವಕರನ್ನು ನಿಲ್ದಾಣದಲ್ಲೇ ತಡೆದು ನಿಲ್ಲಿಸಿದರು. "ನಾಫ್ರಿ" ಎಂಬ ತಮ್ಮ ಒಳಗಿನ ಸಂಕೇತಪದವನ್ನು ಟ್ವೀಟಿನಲ್ಲಿ ಬಳಸಿ, ಆ ಪದಕ್ಕಾಗಿ ಆಮೇಲೆ ವಿಷಾದ ಹೇಳಬೇಕಾಯಿತು. ಎರಡು ವಾರ ಕಳೆದು 425 ಮಂದಿಯ ರಾಷ್ಟ್ರೀಯತೆ ಖಚಿತವಾದಾಗ ಲೆಕ್ಕ ಹೀಗಿತ್ತು: ಇರಾಕಿನವರು 99, ಸಿರಿಯದವರು 94, ಅಫ್ಘನ್ನರು 48, ಜರ್ಮನರೇ 46. ಮೊರಾಕ್ಕೊದವರು 17, ಅಲ್ಜೀರಿಯದವರು 13. ತರಬೇತಿ ಪಡೆದ ಪೊಲೀಸರ ಕಣ್ಣೇ ಇಷ್ಟು ತಪ್ಪಿದರೆ ವಾಕಿಂಗಿಗೆ ಹೋದ ನಿವೃತ್ತರ ಕಣ್ಣಿನ ಪಾಡೇನು?

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಕಲೋನ್ ಘಟನೆ ನಡೆದಾಗ ಜರ್ಮನಿಯ ಕಾನೂನಿನಲ್ಲಿ ಹೆಂಗಸಿನ ಮೈಮೇಲೆ ಸುಮ್ಮನೆ ಕೈಯಾಡಿಸುವುದು ತನ್ನಷ್ಟಕ್ಕೇ ಪ್ರತ್ಯೇಕ ಅಪರಾಧವಾಗಿರಲಿಲ್ಲ. ಬಿಯರ್ ಹಬ್ಬಗಳಲ್ಲಿ, ಕಾರ್ನಿವಲ್‌ಗಳಲ್ಲಿ ಅಲ್ಲಿನವರೇ ಅದನ್ನು ಮಾಡುತ್ತ ಬಂದಾಗ ಸಂಸತ್ತಿಗೆ ಅವಸರ ಕಾಣಲಿಲ್ಲ. ಕಾನೂನು ಬದಲಾದದ್ದು 2016ರಲ್ಲಿ, ಹೊರಗಿನವರು ಮಾಡಿದ ಮೇಲೆ. ಆ ಜನವರಿಯಲ್ಲೇ ಅಲ್ಲಿನ ಸ್ತ್ರೀವಾದಿಗಳು "ಯಾವ ವಿನಾಯಿತಿಯೂ ಇಲ್ಲದೆ" ಎಂಬ ಅರ್ಥದ ಹೆಸರಿಟ್ಟು ಒಂದು ಹೇಳಿಕೆ ಹೊರಡಿಸಿದರು. ಮಾಡಿದವನು ಯಾರೇ ಆಗಿರಲಿ ಖಂಡಿಸುತ್ತೇವೆ, ನಮ್ಮ ನೋವನ್ನು ವಲಸಿಗರ ಮೇಲಿನ ದ್ವೇಷಕ್ಕೆ ಸೌದೆ ಮಾಡಬೇಡಿ ಎಂಬುದು ಅವರ ನಿಲುವು.

"ಹೆಂಗಸರೂ ಒಂದು ಗುಂಪೇ ಅಲ್ವಾ ಮಾವ?" ಎಂದು ಆಕೆ ಮಾತು ತಿರುಗಿಸಿದಳು. "ನಮ್ಮ ಮೇಲೂ ಸಿದ್ಧ ಉತ್ತರ ಇರುತ್ತೆ."

2017ರಲ್ಲಿ ಗೃಹ ಸಚಿವರಾಗಿದ್ದ ಜಿ. ಪರಮೇಶ್ವರ ಅವರು ಎಂ.ಜಿ. ರಸ್ತೆಯ ಪ್ರಕರಣದ ಬಗ್ಗೆ ಮಾತಾಡುತ್ತ, ಯುವಜನರು ಪಾಶ್ಚಾತ್ಯರ ಉಡುಪನ್ನೂ ಮನಸ್ಥಿತಿಯನ್ನೂ ಅನುಕರಿಸುತ್ತಾರೆ ಎಂದರು. ಮತ್ತೆ ಅದೇ ಹುದ್ದೆಗೆ ಬಂದ ಅವರು 2025ರಲ್ಲಿ, ಬಿಟಿಎಂ ಬಡಾವಣೆಯ ಓಣಿಯಲ್ಲಿ ನಡೆದ ದೌರ್ಜನ್ಯದ ಬಗ್ಗೆ ಕೇಳಿದಾಗ, ಇಷ್ಟು ದೊಡ್ಡ ನಗರದಲ್ಲಿ ಅಲ್ಲೊಂದು ಇಲ್ಲೊಂದು ಇಂಥವು ಆಗುತ್ತವೆ ಎಂದು, ಮರುದಿನ ವಿಷಾದ ವ್ಯಕ್ತಪಡಿಸಿದರು. ಈ ಚಾಳಿ ಹೊಸದೇನಲ್ಲ. 1938ರ ಕೊನೆಯಲ್ಲಿ, ದಾರಿಯಲ್ಲಿ ಪೀಡಿಸುವ ಹುಡುಗರ ಬಗ್ಗೆ ಪಂಜಾಬಿನ ವಿದ್ಯಾರ್ಥಿನಿಯೊಬ್ಬಳು ಬರೆದ ಪತ್ರಕ್ಕೆ ಉತ್ತರ ಕೊಡುತ್ತ ಗಾಂಧೀಜಿ 'ಹರಿಜನ'ದಲ್ಲಿ ಹುಡುಗರನ್ನು ಕಟುವಾಗಿಯೇ ಟೀಕಿಸಿದರು. ಜೊತೆಗೇ, ಆಧುನಿಕ ಹುಡುಗಿ ನಾಲ್ಕಾರು ಜನರ ಕಣ್ಣು ಸೆಳೆಯಲೆಂದೇ ಉಡುತ್ತಾಳೆ ಎಂಬ ಅರ್ಥದ ಮಾತನ್ನೂ ಸೇರಿಸಿದರು. ಹನ್ನೊಂದು ಹುಡುಗಿಯರು ಹೆಸರು, ವಿಳಾಸ ಸಮೇತ ಪ್ರತಿಭಟಿಸಿ ಪತ್ರ ಬರೆದರು. ಗಾಂಧೀಜಿ 1939ರ ಫೆಬ್ರುವರಿಯಲ್ಲಿ ಅದಕ್ಕೂ ಉತ್ತರಿಸಬೇಕಾಯಿತು. ಆ ಕಾಲದಲ್ಲಿ ಮಹಾತ್ಮರಿಗೆ ಎದುರು ಬರೆದ ಆ ಹನ್ನೊಂದು ಜನರ ಬಗ್ಗೆ ನಮಗೆ ಇನ್ನಷ್ಟು ತಿಳಿದಿದ್ದರೆ ಚೆನ್ನಾಗಿತ್ತು.

ಬೆಂಗಳೂರಿನಲ್ಲಿ 2003ರಲ್ಲಿ ಜಸ್ಮೀನ್ ಪಥೇಜ ಆರಂಭಿಸಿದ ಬ್ಲ್ಯಾಂಕ್ ನಾಯ್ಸ್ ಎಂಬ ಬಳಗ ಉಡುಪಿನ ಈ ವಾದಕ್ಕೆ ಬೇರೆ ರೀತಿಯಲ್ಲಿ ಉತ್ತರ ಕೊಟ್ಟಿದೆ. ದೌರ್ಜನ್ಯ ನಡೆದಾಗ ಮೈಮೇಲಿದ್ದ ಬಟ್ಟೆಯನ್ನು ತಂದುಕೊಡಿ ಎಂದು ಅದು ಹೆಂಗಸರನ್ನು ಕೇಳುತ್ತದೆ. ಬಂದ ರಾಶಿಯಲ್ಲಿ ಸೀರೆಯಿದೆ, ಸಲ್ವಾರ್ ಇದೆ, ಶಾಲೆಯ ಯೂನಿಫಾರ್ಮ್ ಇದೆ. ಈ ರಾಶಿ ನೋಡಿದವರಿಗೆ ಉಡುಪಿನ ವಾದ ಮುಂದುವರಿಸುವುದು ಕಷ್ಟ.

ಇಲ್ಲಿಗೆ ಬರುವಷ್ಟರಲ್ಲಿ ಮೇಷ್ಟ್ರು ಮನವಿಯ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡಿದ್ದರು. "ಆಯ್ತು, ಶೆಡ್ಡಿನ ಮಾತು ತೆಗೀತೀನಿ. ಆದರೆ ತೆಗೆದರೆ ಉಳಿಯೋದೇನು? ಹುಡುಗೀರಿಗೆ ತೊಂದರೆ ಆಗ್ತಿರೋದಂತೂ ನಿಜ ತಾನೇ?"

"ಅದೇ ಉಳಿಯೋದು. ಯಾವ ಹೊತ್ತು, ಯಾವ ತಿರುವು, ಬೈಕಿನ ಬಣ್ಣ, ನಂಬರಿನ ನಾಲ್ಕು ಅಂಕಿ ಸಿಕ್ಕಿದರೂ ಸಾಕು. ಅಶ್ಲೀಲ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 75, 79ನೇ ಸೆಕ್ಷನ್ ಇದೆ. ಬೇಡ ಅಂದರೂ ಹಿಂದೆ ಬಿದ್ದರೆ 78, ಎರಡನೇ ಸಲ ತಪ್ಪಿತಸ್ಥ ಆದರೆ ಐದು ವರ್ಷದ ತನಕ ಶಿಕ್ಷೆ. ಇದರಲ್ಲಿ ಯಾವ ಸೆಕ್ಷನ್ನೂ ಅವನ ಊರು ಕೇಳಲ್ಲ."

"ನಂಬರ್ ಸಿಕ್ಕಿ, ಅದು ನಮ್ಮ ಬಡಾವಣೆಯವರದೇ ಆದರೆ?"

"ಆದರೆ ಏನು ಮಾವ?"

ಮೇಷ್ಟ್ರು ಅದಕ್ಕೆ ಉತ್ತರ ಕೊಡದೆ ಬೇರೆ ದಾರಿ ಹಿಡಿದರು. ಮುಂಬೈಯ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ 2011ರಲ್ಲಿ ಬರೆದ 'ವೈ ಲಾಯ್ಟರ್?' ಪುಸ್ತಕದ ವಾದವನ್ನು ಆಕೆ ಆಗಲೇ ಹೇಳಿದ್ದಳು. ಬಡವನನ್ನೂ ವಲಸಿಗನನ್ನೂ ಬೀದಿಯಿಂದ ಓಡಿಸಿ ಹೆಂಗಸರಿಗೆ ಬೀದಿ ಕೊಡಿಸುತ್ತೇವೆ ಅನ್ನುವವರು, ಕೊನೆಗೆ ಹೆಂಗಸರನ್ನೂ ಮನೆಯೊಳಗೇ ಕೂರಿಸುತ್ತಾರೆ ಎಂಬುದು ಆ ವಾದ. ಜನ ಕಡಿಮೆಯಾದ ಬೀದಿಗಿಂತ ತರಕಾರಿ ಗಾಡಿ, ಟೀ ಅಂಗಡಿ ಇರುವ ಬೀದಿಯಲ್ಲೇ ಹೆಂಗಸಿಗೆ ಧೈರ್ಯ ಎಂದೂ ಅವರು ಹೇಳುತ್ತಾರೆ. ಮೇಷ್ಟ್ರಿಗೆ ಅದು ಅರ್ಧ ಹಿಡಿಸಿತ್ತು.

"ಶೆಡ್ಡುಗಳಲ್ಲಿ ಅರ್ಧ ಜನ ಯಾದಗಿರಿ, ರಾಯಚೂರು ಕಡೆಯವರು ಕಣೇ" ಎಂದರು ಇದ್ದಕ್ಕಿದ್ದಂತೆ. "ನಾನೇ 'ಹೊರರಾಜ್ಯ' ಅಂತ ಬರೆದುಬಿಟ್ಟಿದ್ದೀನಿ. ಕನ್ನಡವೇ ಮಾತಾಡ್ತಾರೆ."

"ಅಲ್ಲಿ ಹೆಂಗಸರಿಲ್ವಾ?"

"ಇದ್ದಾರಲ್ಲ. ಜಲ್ಲಿ, ಇಟ್ಟಿಗೆ ಹೊರೋರು ಅವರೇ. ದೊಡ್ಡ ಹೆಣ್ಣುಮಕ್ಕಳೂ ಇವೆ, ಎರಡೋ ಮೂರೋ."

"ಅವರೂ ಅದೇ ರಸ್ತೇಲಿ ನೀರಿಗೆ ಬರ್ತಾರೆ. ಅದೇ ಬೈಕು ಅವರ ಹಿಂದೆಯೂ ಬಂದಿರುತ್ತೆ. ನಿಮ್ಮ ಸಭೇಲಿ ಅವರನ್ನ ಯಾರಾದರೂ ಕೇಳಿದ್ರಾ?"

ಕೇಳಿರಲಿಲ್ಲ. ಕಾಲೇಜಿನ ಹುಡುಗಿಯರನ್ನೇ ಕೇಳದವರು ಇವರನ್ನು ಕೇಳುವುದೆಲ್ಲಿ ಬಂತು? ಹುಡುಗಿಯರ ಹತ್ತಿರ ಮಾತಾಡಲು ಗಂಡಸರ ಸಮಿತಿ ಹೋಗಬಾರದು, ಕಾಲೇಜಿನ ಉಪನ್ಯಾಸಕಿಯರಲ್ಲಿ ಒಬ್ಬರನ್ನು ಕೇಳಬೇಕೆಂದು ಇಬ್ಬರೂ ಒಪ್ಪಿದರು. ಶೆಡ್ಡಿಗೆ ಮಾತ್ರ ತಾನೇ ಹೋಗುತ್ತೇನೆ ಎಂದಳು ವಕೀಲೆ.

"ಈಗ ಹೋದರೆ ಯಾರೂ ಇರಲ್ಲ. ಭಾನುವಾರ ಸಂತೆ. ಅಡುಗೆ ಮುಗಿಸೋ ಹೊತ್ತಿಗೆ ಎಂಟಾಗುತ್ತೆ, ಆಮೇಲೆ ಹೋದರೆ ಸಿಗ್ತಾರೆ. ಆದರೆ ಆ ಹೊತ್ತಲ್ಲಿ ನೀನೊಬ್ಬಳೇ ಬೇಡ, ಆ ರಸ್ತೇಲಿ ದೀಪ ಇಲ್ಲ."

"ದೀಪ ಇಲ್ವಾ?" ಆಕೆ ಮನವಿಯ ಎರಡೂ ಪುಟಗಳನ್ನು ತಿರುವಿ ನೋಡಿದಳು. "ಇದರಲ್ಲಿ ಎಲ್ಲೂ ಬರೆದೇ ಇಲ್ವಲ್ಲ ಮಾವ. ಬೀದಿ ದೀಪಕ್ಕೆ ಅರ್ಜಿ ಕೊಡಬೇಕಾದ್ದು ಎಲ್ಲಿ, ಕಾರ್ಪೊರೇಷನ್ನಿಗಾ, ಅಭಿವೃದ್ಧಿ ಪ್ರಾಧಿಕಾರಕ್ಕಾ?"